ಪುಷ್ಯ ನಕ್ಷತ್ರದ ನೆರೆಯಲ್ಲೊಂದು ಬೆಂಕಿಯೂರು

ಏಪ್ರಿಲ್ ಬಿಸಿಲಲ್ಲಿ ಮೊಮ್ಮಗಳೊಂದಿಗೆ ಕೊರಟಗೆರೆ ದಾಟಿ ಬಂದೆ. ಮಧುಗಿರಿಯ ಏಕಶಿಲಾ ಬೆಟ್ಟ ಕಾದ ಹೆಂಚಿನಂತಿತ್ತು. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಸೌರಫಲಕಗಳು! ಮಳೆ ಕೈಕೊಟ್ಟ ಹೊಲಗಳನ್ನು ರೈತರು ಗುತ್ತಿಗೆಗೆ ಕೊಟ್ಟಿದ್ದಾರೆ. ಅಲ್ಲೀಗ ಬಿಸಿಲೇ ಬೆಳೆ; 2,050 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಘಟಕ.

ರಾತ್ರಿ ಮಾಳಿಗೆ ಮೇಲೆ ಮಲಗಿದಾಗ ಕೇಳಿದಳು: “ತಾತ, ಇದಕ್ಕಿಂತ ಸುಡೋ ಜಾಗ ಇದೆಯಾ?”

ನೆತ್ತಿಯ ಮೇಲಿನ ಕರ್ಕಾಟಕ ರಾಶಿ ತೋರಿಸಿದೆ. ನಮ್ಮ ಪುಷ್ಯ ಮಳೆಗೆ ಹೆಸರು ಕೊಟ್ಟ ನಕ್ಷತ್ರ ಅಲ್ಲೇ ಇದೆ. ಅದೇ ರಾಶಿಯಲ್ಲಿ, ಸುಮಾರು 41 ಜ್ಯೋತಿರ್ವರ್ಷ ದೂರದಲ್ಲಿ, ‘55 ಕ್ಯಾಂಕ್ರಿ ಇ’ ಎಂಬ ಗ್ರಹವಿದೆ. ಪತ್ತೆಯಾದದ್ದು 2004ರಲ್ಲಿ. ತನ್ನ ಸೂರ್ಯನಿಗೆ ಅದೆಷ್ಟು ಹತ್ತಿರವೆಂದರೆ, ಅಲ್ಲಿ ವರ್ಷವೆಂದರೆ 18 ಗಂಟೆಯೂ ಇಲ್ಲ! ಅದರ ಒಂದೇ ಮಗ್ಗುಲು ಸದಾ ಬಿಸಿಲಿಗೆ ಒಡ್ಡಿಕೊಂಡಿರುತ್ತದೆ ಎನ್ನುತ್ತಾರೆ ವಿಜ್ಞಾನಿಗಳು. ಆ ಕಡೆ ಬಂಡೆಯೇ ಕರಗುವಷ್ಟು ಕಾವು. ಮಧುಗಿರಿ ಬೆಟ್ಟ ಅಲ್ಲಿದ್ದರೆ ಬೆಲ್ಲದ ಪಾಕವಾಗುತ್ತಿತ್ತು.

“ಹಾಗಾದ್ರೆ ಅಲ್ಲಿ ಪುಷ್ಯ ಮಳೆ?”

“ಹನಿ ನೀರೂ ನಿಲ್ಲದು, ಕಂದ.”

ಅಷ್ಟರಲ್ಲಿ ಗಾಳಿ ತಣ್ಣಗೆ ಸುಳಿಯಿತು. “ನಮಗೆ ರಾತ್ರಿಯಾದ್ರೂ ಇದೆ. ಮಳೆನೂ ಬರುತ್ತೆ ಅಲ್ವಾ, ತಾತ?” ಎಂದಳು.

ಎಷ್ಟೋ ಬರ ಕಂಡವನು ನಾನು. ಆದರೂ “ಬರುತ್ತೆ” ಎಂದೆ.