ಬಾವು ಯಾವ ಗ್ರಂಥದಲ್ಲಿದೆ?

ವೈದ್ಯರಿಲ್ಲದ ಮನೆಯಲ್ಲಿ ವೈದ್ಯಗ್ರಂಥವೇಕೆ ಎಂದು ಕೇಳುವವರುಂಟು. ಪುಣೆಯ ಕೊಂಢವಾದಲ್ಲಿ ನೆಲೆಸಿರುವ ನಮ್ಮ ಉತ್ತರ ಸರಳ. ಧಾರವಾಡದಿಂದ ಬಂದು ನಮ್ಮೊಡನಿರುವ ಅವ್ವನಿಗೆ ಮರಾಠಿಯಾಗಲಿ ಹಿಂದಿಯಾಗಲಿ ಬಾರದು. ವೈದ್ಯರೆದುರು ಅವಳ ಪರವಾಗಿ ನಾವೇ ಮಾತನಾಡಬೇಕು. ಏನು ಕೇಳಬೇಕೆಂದು ತಿಳಿದಿದ್ದರೆ ದೊರೆಯುವ ಹತ್ತು ನಿಮಿಷ ವ್ಯರ್ಥವಾಗದು.

ಕಳೆದ ಮಳೆಗಾಲದಲ್ಲಿ ಅವ್ವನ ಎರಡೂ ಪಾದಗಳು ಬಾತವು. ರಕ್ತದೊತ್ತಡ ಹಳೆಯದು, ಹೃದಯವೇ ಸೋಲುತ್ತಿದೆಯೇನೋ ಎಂಬ ಭಯ ಮನೆಯನ್ನು ಆವರಿಸಿತು. ಅಪ್ಪಾ ಬಳವಂತ ಚೌಕದ ಅಂಗಡಿಯೊಂದರಲ್ಲಿ ನಮ್ಮೆದುರಿಗೆ ಎರಡು ಹೆಬ್ಬೊತ್ತಿಗೆಗಳಿದ್ದವು: 1950ರಲ್ಲಿ ಮೊದಲು ಪ್ರಕಟವಾದ ಹ್ಯಾರಿಸನ್ನರ ಸಾಮಾನ್ಯ ವೈದ್ಯಗ್ರಂಥ, 1980ರಲ್ಲಿ ಮೊದಲು ಬಂದ ಬ್ರೌನ್‌ವಾಲ್ಡರ ಹೃದ್ರೋಗ ಗ್ರಂಥ.

ಎರಡನೆಯದು ಆಳವಾದದ್ದು, ನಿಜ. ಆದರೆ ಅದನ್ನು ತೆರೆಯುವವನು ರೋಗ ಹೃದಯದ್ದೆಂದು ಆಗಲೇ ತೀರ್ಮಾನಿಸಿರುತ್ತಾನೆ. ಹ್ಯಾರಿಸನ್ ರೋಗಿಯ ದೂರಿನಿಂದ ಹೊರಡುತ್ತದೆ: ನೋವು, ಜ್ವರ, ಏದುಸಿರು, ಬಾವು. ಬಾವಿನ ಅಧ್ಯಾಯ ಹೃದಯದೊಡನೆ ಮೂತ್ರಪಿಂಡ, ಯಕೃತ್ತು, ಅಭಿಧಮನಿ, ಪೋಷಣೆಯ ಕೊರತೆಗಳನ್ನೂ, ಕೊನೆಗೆ ಔಷಧಗಳನ್ನೂ ಸಾಲಾಗಿ ನಿಲ್ಲಿಸುತ್ತದೆ. ಅವ್ವ ನುಂಗುತ್ತಿದ್ದ ಆಮ್ಲೋಡಿಪಿನ್ ಆ ಬಗೆಯದು. ಅದು ಕಿರುಧಮನಿಗಳನ್ನು ಹಿಗ್ಗಿಸುತ್ತದೆ. ಲೋಮನಾಳಗಳಲ್ಲಿ ಒತ್ತಡ ಹೆಚ್ಚಿ, ದ್ರವ ಹೊರಗೆ ಜಿನುಗಿ ಕಣಕಾಲಿನಲ್ಲಿ ನಿಲ್ಲುತ್ತದೆ.

ನಾವು ಮಾತ್ರೆಯನ್ನು ನಿಲ್ಲಿಸಲಿಲ್ಲ. ಪ್ರಶ್ನೆಯನ್ನು ಬರೆದುಕೊಂಡು ಹೋದೆವು. ವೈದ್ಯರು ಮೂತ್ರ, ರಕ್ತ, ಹೃದಯಗಳ ಪರೀಕ್ಷೆ ಮಾಡಿಸಿ, ಎಲ್ಲವೂ ನೆಟ್ಟಗಿರುವುದನ್ನು ಕಂಡು, ಔಷಧವನ್ನು ಬದಲಿಸಿದರು. ಕೆಲವೇ ವಾರಗಳಲ್ಲಿ ಅವ್ವನ ಚಪ್ಪಲಿ ಮತ್ತೆ ಕಾಲಿಗೆ ಹಿಡಿಯಿತು.

ಹಾಗೆಂದು ವಿಶೇಷಗ್ರಂಥ ಹಿರಿದಲ್ಲವೆಂದು ಯಾರೂ ಹೇಳಲಾರರು. ರೋಗದ ಹೆಸರು ಖಚಿತವಾದ ಮೇಲೆ ಸಾಮಾನ್ಯಗ್ರಂಥದ ಎರಡು ಪುಟ ಸಾಲದು. ಕನ್ನಡದಲ್ಲಿಯೂ ಈ ಎರಡು ದಾರಿಗಳುಂಟು: 1969ರಿಂದ ಸಂಪುಟಗಳಾಗಿ ಹೊರಬಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಎಲ್ಲವನ್ನೂ ಮುಟ್ಟುತ್ತದೆ; ವೈದ್ಯೆಯೇ ಆಗಿದ್ದ ಅನುಪಮಾ ನಿರಂಜನರ ‘ತಾಯಿ-ಮಗು’ ಒಂದೇ ವಿಷಯದ ಕೈಹಿಡಿದು ನಡೆಸುತ್ತದೆ.

ಕೊಳ್ಳುವಾಗ ಮುದ್ರಣದ ವರ್ಷವನ್ನೂ ನೋಡಬೇಕು. ಸಾಹಿತ್ಯದ ವಿದ್ಯಾರ್ಥಿಗಳಿಗೆ 1894ರ ಕಿಟ್ಟೆಲ್ ನಿಘಂಟು ಇಂದಿಗೂ ಬೇಕು. ಮೂಳೆಗಳ ಹೆಸರನ್ನು ಹಳೆಯ ಪುಸ್ತಕದಿಂದಲೂ ಕಲಿಯಬಹುದು. ಆದರೆ ಔಷಧದ ಪ್ರಮಾಣಕ್ಕೆ ಹಳೆಯ ಆವೃತ್ತಿಯನ್ನು ನಂಬಲಾಗದು. ನಮ್ಮ ಕಪಾಟಿನಲ್ಲೀಗ ಸಾಮಾನ್ಯಗ್ರಂಥ ಒಂದೇ ಇದೆ. ವಿಶೇಷಗ್ರಂಥದ ಜಾಗ ತೆರವಾಗಿದೆ. ಅದು ಹಾಗೆಯೇ ಉಳಿಯಲಿ ಎಂಬುದೇ ನಮ್ಮ ಹಾರೈಕೆ.