ಹೊಳಿ ದಾಟಿದ ಮೇಲೆ

ನಮ್ಮಜ್ಜಿ ಪರದೇಶಕ್ಕೆ ಹೋದದ್ದು 1946ರಲ್ಲಿ, ಎತ್ತಿನ ಗಾಡಿಯಲ್ಲಿ. ರಾಣೆಬೆನ್ನೂರು ಕಡೆಯ ಹಳ್ಳಿಯಿಂದ ನಸುಕಿನಲ್ಲೇ ಹೊರಟು, ಹರಿಹರದ ಹತ್ತಿರ ತುಂಗಭದ್ರೆಯ ಸೇತುವೆ ದಾಟಿ, ದೀಪ ಹಚ್ಚುವ ಹೊತ್ತಿಗೆ ದಾವಣಗೆರೆ ಹಳೇಪೇಟೆಯ ಗಂಡನ ಮನೆ ಮುಟ್ಟಿದಳು. ಒಟ್ಟು ಐದಾರು ಹರದಾರಿ. ಆದರೆ ಆಗ ಹೊಳೆಯ ಆಚೆ ದಡ ಧಾರವಾಡ ಜಿಲ್ಲೆ, ಮುಂಬೈ ಪ್ರಾಂತ್ಯ, ಬ್ರಿಟಿಷರದು. ಈಚೆ ದಡ ಚಿತ್ರದುರ್ಗ ಜಿಲ್ಲೆ, ಮೈಸೂರು ಸಂಸ್ಥಾನ, ಮಹಾರಾಜರದು. ಎರಡೂ ಕಡೆ ಕನ್ನಡವೇ, ಎರಡೂ ಕಡೆ ಜೋಳವೇ. ಆದರೂ "ಮೈಸೂರು ಸೀಮಿಗೆ ಕೊಟ್ರು ನನ್ನ" ಎಂದು ಅಜ್ಜಿ ಹೇಳುವಾಗ ಸಪ್ತಸಾಗರ ದಾಟಿಸಿದರು ಅನ್ನುವ ಧಾಟಿ ಇರುತ್ತಿತ್ತು.

1956ರ ನವೆಂಬರ್ 1ಕ್ಕೆ ಆ ಗಡಿ ಹೋಯಿತು. ಅಜ್ಜಿಗೆ ಯಾರೂ ಹೇಳಲಿಲ್ಲವೋ, ಹೇಳಿದ್ದನ್ನು ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲವೋ. ಬಸ್ಸಿನಲ್ಲಿ ತವರಿಗೆ ಹೋಗುವಾಗ ಸೇತುವೆ ಬಂತೆಂದರೆ ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯ ತೆಗೆದು ಹೊಳೆಗೆ ಒಗೆಯುತ್ತಿದ್ದಳು, ಕಣ್ಣೊರೆಸಿಕೊಳ್ಳುತ್ತಿದ್ದಳು. ವಾಪಸು ಬರುವಾಗಲೂ ಇನ್ನೊಂದು ನಾಣ್ಯ, ಇನ್ನೊಂದು ಸಲ ಸೆರಗು ಕಣ್ಣಿಗೆ. ಪಕ್ಕದಲ್ಲಿ ಕೂತ ನನಗೆ ಎರಡೂ ಸಲದ ಅಳು ಒಂದೇ ಥರ ಕಾಣುತ್ತಿತ್ತು.

ನಾನು 2012ರಲ್ಲಿ ಸ್ವೀಡನ್ನಿಗೆ ಹೊರಟಾಗ ಹರಿಹರದ ಅತ್ತೆ ಕೇಳಿದ ಮೊದಲ ಪ್ರಶ್ನೆ, "ಊರ ಹೆಸರೇನವ್ವಾ?" ಗೋಥೆನ್‌ಬರ್ಗ್ ಅಂದೆ. ಅಲ್ಲಿಯವರು ಅದನ್ನು ಯೊತೆಬೊರಿ ಅನ್ನುತ್ತಾರೆ ಎಂದು ನನಗೇ ಆಮೇಲೆ ಗೊತ್ತಾಯಿತು; ಗೊತ್ತಿದ್ದರೆ ಅತ್ತೆಗೆ ಅದೇ ಹಗುರಾಗುತ್ತಿತ್ತು. ಮುಖದಲ್ಲಿ ಏನೂ ಮೂಡದ್ದು ನೋಡಿ, "ವೋಲ್ವೋ ಕಂಪನಿ ಹುಟ್ಟಿದ ಊರು" ಅಂದೆ. 1927ರಲ್ಲಿ ಅದು ಹುಟ್ಟಿದ್ದು ಅಲ್ಲೇ. ಅಲ್ಲಿಗೆ ಮುಗಿಯಿತು. ಪುಣೆ-ಬೆಂಗಳೂರು ಪಿ.ಬಿ. ರೋಡಿನ ಮಂದಿಗೆ ವೋಲ್ವೋ ಅಂದರೆ ಕಂಪನಿಯಲ್ಲ, ಕಾರಲ್ಲ. ತಣ್ಣಗಿನ, ಗಡದ್ದಾದ, ಟಿಕೆಟ್ಟಿಗೆ ಜಾಸ್ತಿ ಕೊಡಬೇಕಾದ ಬಸ್ಸು. ನಾನು ಹೋದದ್ದು ಬೇರೆ ಕೆಲಸಕ್ಕೆ ಎಂದು ಅವತ್ತಿನಿಂದ ಹೇಳುತ್ತಿದ್ದೇನೆ. "ನಮ್ಮಣ್ಣನ ಮಗಳು ವೋಲ್ವೋ ಬಸ್ಸಿನ ಆಫೀಸ್ನಾಗ ಅದಾಳ" ಎನ್ನುವುದನ್ನು ಅತ್ತೆ ಬಿಟ್ಟಿಲ್ಲ. ಆ ಬಸ್ಸುಗಳನ್ನು ನಮ್ಮ ಹೊಸಕೋಟೆಯಲ್ಲೇ ಕಟ್ಟುತ್ತಾರೆ ಎಂದು ಹೇಳಿ ಆಕೆಯ ಖುಷಿ ಕೆಡಿಸುವ ಮನಸ್ಸು ನನಗೂ ಬಂದಿಲ್ಲ.

ಅಲ್ಲಿ ನನ್ನನ್ನು ಮೊದಲು ಬದಲಿಸಿದ್ದು ಚಳಿಯಲ್ಲ, ಏಕವಚನ. ಸ್ವೀಡನ್ನಿನಲ್ಲಿ 1960ರ ದಶಕದ ಕೊನೆಗೆ ಬಹುವಚನದ ಗೌರವವನ್ನೂ ಹುದ್ದೆ ಹಿಡಿದು ಕರೆಯುವುದನ್ನೂ ಜನ ಕೈಬಿಟ್ಟರು. ಬ್ರೋರ್ ರೆಕ್ಸೆಡ್ ಎಂಬ ಹಿರಿಯ ಅಧಿಕಾರಿ 1967ರಲ್ಲಿ ತನ್ನ ಇಲಾಖೆಯವರನ್ನೆಲ್ಲ 'ನೀನು' ಎಂದೇ ಕರೆಯುತ್ತೇನೆ ಅಂದದ್ದು ಆ ಬದಲಾವಣೆಯ ಗುರುತಾಗಿ ಉಳಿದಿದೆ. ಪ್ರತಿ ಮಾತಿಗೂ 'ರೀ' ಹಚ್ಚುವ ಊರಿನಿಂದ ಹೋದವಳು ನಾನು. ನಮ್ಮಲ್ಲಿ ತರಕಾರಿ ಗಾಡಿಯವನಿಗೂ "ಎಷ್ಟ್ರೀ", ಬೈಯುವಾಗಲೂ "ಏನ್ರೀ, ಕಣ್ ಕಾಣಲ್ವೇನ್ರೀ". ಅರವತ್ತು ದಾಟಿದ ಮೇಲಧಿಕಾರಿಯನ್ನು ಬರೀ ಹೆಸರು ಹಿಡಿದು ಕರೆಯಲು ನನಗೆ ಎಂಟು ತಿಂಗಳು ಬೇಕಾಯಿತು. ಅಲ್ಲಿಯತನಕ ಅವರ ಎದುರು ಹೋಗಿ ನಿಂತು ಕೆಮ್ಮುತ್ತಿದ್ದೆ. ಪಾಪ, ಅವರು ನನಗೆ ಆಸ್ತಮಾ ಇದೆ ಎಂದುಕೊಂಡಿದ್ದರು.

ಎರಡನೆಯದು ಚೀಟಿ. ಔಷಧಿ ಅಂಗಡಿಗೆ ಹೋದರೂ ಒಂದು ನಂಬರಿನ ಚೀಟಿ ಹರಿದುಕೊಂಡು ದೂರ ನಿಲ್ಲಬೇಕು. ಬಸ್ ಸ್ಟಾಪಿನಲ್ಲಿ ಮಾರು ಮಾರು ಅಂತರ ಬಿಟ್ಟು, ಒಬ್ಬೊಬ್ಬರೂ ಒಂದೊಂದು ತೆಂಗಿನಮರದ ಹಾಗೆ. ಮೊದಲ ವರ್ಷ ಇವರಿಗೆಲ್ಲ ನನ್ನ ಮೇಲೆ ಏನೋ ಸಿಟ್ಟಿದೆ ಅನ್ನಿಸುತ್ತಿತ್ತು. ಮೂರನೇ ವರ್ಷಕ್ಕೆ ಯಾರೋ ಹತ್ತಿರ ಬಂದು ನಿಂತಾಗ ನಾನೇ ಒಂದು ಹೆಜ್ಜೆ ಸರಿದೆ.

ಇದರ ಬೆಲೆ ತೆತ್ತದ್ದು ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲಿನಲ್ಲಿ. ಭಾನುವಾರ ಬೆಳಿಗ್ಗೆ ಅಲ್ಲಿ ಚೀಟಿ ಇಲ್ಲ, ಸಾಲಿಲ್ಲ. ತಿನ್ನುತ್ತಿರುವವರ ಕುರ್ಚಿಯ ಹಿಂದೆ ಹೋಗಿ ನಿಲ್ಲಬೇಕು; ಅವರ ಕೊನೆಯ ತುತ್ತನ್ನು ಕಣ್ಣಲ್ಲೇ ಎಣಿಸಬೇಕು; ಎದ್ದ ತಕ್ಷಣ, ಸಾಧ್ಯವಾದರೆ ಏಳುವುದಕ್ಕೆ ಅರೆಗಳಿಗೆ ಮುಂಚೆಯೇ, ಕೂರಬೇಕು. ನಾನು ಗೋಡೆಗೆ ಒರಗಿ ಸಭ್ಯವಾಗಿ ನಿಂತಿದ್ದೆ. ನನ್ನ ನಂತರ ಬಂದ ಹನ್ನೆರಡು ಮಂದಿ ತಿಂದು ಕೈ ತೊಳೆದು ಹೋದರು. ಅಣ್ಣನ ಮಗ, ಒಂಬತ್ತನೇ ಕ್ಲಾಸು, ನನ್ನನ್ನು ನೋಡಿ ನಿಟ್ಟುಸಿರುಬಿಟ್ಟ. "ಅತ್ತೆ, ನೀವ್ ಹಿಂಗ್ ನಿಂತ್ರೆ ಒಲೆ ಆರುತ್ತೆ" ಎಂದವನೇ ಕುಟುಂಬವೊಂದರ ಬೆನ್ನಿಗೆ ಹೋಗಿ ನಿಂತು ಎರಡು ನಿಮಿಷದಲ್ಲಿ ಮೂರು ಕುರ್ಚಿ ಗೆದ್ದ.

ದೋಸೆ ಬಂತು. ಕಟ್ಟಿಗೆ ಒಲೆಯ ಕಂಪು, ಒಗ್ಗರಣೆಯಿಲ್ಲದ ಬಿಳಿ ಚಟ್ನಿ, ಖಾರವಿಲ್ಲದ ಆಲೂಗಡ್ಡೆ ಪಲ್ಯ, ಮೇಲೆ ಕರಗುವ ಮೊದಲೇ ಇನ್ನೊಂದು ಉಂಡೆ ಬೆಣ್ಣೆ. ಗೋಥೆನ್‌ಬರ್ಗಿನಲ್ಲಿ ನಾನು ಇದನ್ನು ಮಾಡಲು ಹೋಗಿ ಸೋತ ಕಥೆ ದೊಡ್ಡದು. ಅಲ್ಲಿ ಬೆಣ್ಣೆಗೆ ಕೊರತೆಯಿಲ್ಲ, ಆದರೆ ಮೊದಲ ಸಲ ತಂದದ್ದು ಉಪ್ಪು ಹಾಕಿದ ಬೆಣ್ಣೆ. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿ ನೆನೆಹಾಕಬೇಕು. ಅಲ್ಲಿ ಸಿಕ್ಕಿದ್ದು ಮಕ್ಕಳು ಹಾಲಿಗೆ ಹಾಕಿಕೊಳ್ಳುವ ಸಿಹಿ ಮಂಡಕ್ಕಿ. ಮಂಡಕ್ಕಿ ಭಟ್ಟಿಗಳ ಊರಿನವಳು ಸಕ್ಕರೆ ಮೆತ್ತಿದ ಮಂಡಕ್ಕಿಯನ್ನು ನೀರಲ್ಲಿ ತೊಳೆಯುತ್ತ ನಿಂತ ಚಿತ್ರವನ್ನು ಯಾರೂ ತೆಗೆದಿಲ್ಲ, ಪುಣ್ಯ.

ಹಾಗೆ ನೋಡಿದರೆ ದೋಸೆಯೂ ಈ ಊರಿನದಲ್ಲ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬಾಕೆ ನಾಟಕದ ಥಿಯೇಟರಿನ ಬಳಿ ದೋಸೆ ಹಾಕಲು ಕೂತರು ಎಂದು ಊರಲ್ಲಿ ಹೇಳುತ್ತಾರೆ. ಮೊದಲು ರಾಗಿ ಹಿಟ್ಟಿನ ದೋಸೆ. ಅಕ್ಕಿಯೂ ಬೆಣ್ಣೆಯೂ ಬಂದದ್ದು ಮಕ್ಕಳ ಕಾಲಕ್ಕೆ. ಅಂದರೆ ಆಕೆಯೂ ಮುಂಬೈ ಪ್ರಾಂತ್ಯದಿಂದ ಹೊಳೆ ದಾಟಿ ಮೈಸೂರು ಸೀಮೆಗೆ ಬಂದವರೇ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದದ್ದೂ ಹೀಗೆ ಆಚೆಯಿಂದ ಬಂದವರಿಂದಲೇ. ಲೇತ್ ಯಂತ್ರ ಕಟ್ಟುವ ಆ ಕಾರ್ಖಾನೆಯ ಸುತ್ತ ಯಂತ್ರಾಪುರ ಎಂಬ ಹೊಸ ಊರೇ ಎದ್ದಿತು. ಕಾರ್ಖಾನೆ ಮುಚ್ಚಿದ ಮೇಲೂ ಆ ಹೆಸರು ಉಳಿದಿದೆ.

ಹರಿಹರಕ್ಕೆ ಹೋದಾಗ ಅತ್ತೆ ಗುಡಿಗೆ ಕರೆದುಕೊಂಡು ಹೋದರು. ಹೊಯ್ಸಳರ ಎರಡನೇ ನರಸಿಂಹನ ಕಾಲದಲ್ಲಿ, 1224ರಲ್ಲಿ, ಪೊಲಾಳ್ವ ದಂಡನಾಥ ಕಟ್ಟಿಸಿದ ಗುಡಿ. ಬಲಗಡೆ ಹರ, ಎಡಗಡೆ ಹರಿ, ಒಂದೇ ಮೈ. ಅತ್ತೆ ಕೈಮುಗಿದು ನನ್ನ ಕಡೆ ತಿರುಗಿ, "ನೀನೂ ಹಿಂಗ ಆಗೀಯಲ್ಲ, ಅರ್ಧ ಇಲ್ಲಿ ಅರ್ಧ ಅಲ್ಲಿ" ಅಂದರು. ಪರದೇಶದಿಂದ ಹರಿಹರಕ್ಕೆ ಬಂದ ಯಾರಿಗಾದರೂ ಈ ಮಾತು ತಪ್ಪಿದ್ದಲ್ಲವೆಂದು ಕಾಣುತ್ತದೆ. ದೇವರ ವಿಷಯದಲ್ಲಿ ಸರಿ, ಶಿಲ್ಪಿ ನೆತ್ತಿಯಿಂದ ಪಾದದವರೆಗೆ ಗೆರೆ ಎಳೆದುಕೊಂಡು ಕೆತ್ತಿದ್ದಾನೆ. ನನ್ನ ಮೈಯಲ್ಲಿ ಅಂಥ ಗೆರೆ ಎಲ್ಲೂ ಸಿಕ್ಕಿಲ್ಲ.

ಯಾಕೆಂದರೆ ಊರಿನ ನೆನಪು ಅಲ್ಲಿ ನನ್ನನ್ನು ಹಿಡಿಯುವ ಜಾಗಗಳೇ ವಿಚಿತ್ರ. ಹರಿಹರದ ಎದುರು ದಡದಲ್ಲಿ, ಕುಮಾರಪಟ್ಟಣದ ಕಡೆ, 1970ರ ದಶಕದಿಂದ ಮರದ ತಿರುಳು ಮಾಡುವ ಕಾರ್ಖಾನೆಯಿದೆ. ಮರದ ಚೂರುಗಳನ್ನು ಗಂಧಕದ ಉಪ್ಪುಗಳಲ್ಲಿ ಬೇಯಿಸುವಾಗ ಕೊಳೆತ ಎಲೆಕೋಸಿನಂಥ ನಾತ ಏಳುತ್ತದೆ. ನನ್ನ ಬಾಲ್ಯದಲ್ಲಿ ಬಸ್ಸಿನಲ್ಲಿ ನಿದ್ದೆ ಹೋದವರಿಗೂ ಮೂಗೇ ಹೇಳುತ್ತಿತ್ತು, ಹರಿಹರ ಬಂತು ಎಂದು. ಒಮ್ಮೆ ಗೋಥೆನ್‌ಬರ್ಗಿನಿಂದ ದಕ್ಷಿಣಕ್ಕೆ ಕರಾವಳಿಯ ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ ಅಂಥದೇ ಕಾರ್ಖಾನೆಯೊಂದರ ಗಾಳಿ ಕಾರಿನೊಳಗೆ ನುಗ್ಗಿತು. ಜೊತೆಗಿದ್ದವರೆಲ್ಲ ಮೂಗು ಮುಚ್ಚಿಕೊಂಡರು. ನಾನು ಕಿಟಕಿ ಇಳಿಸಿದೆ. ಮಲ್ಲಿಗೆಗೆ, ಮಳೆ ಬಿದ್ದ ಮಣ್ಣಿಗೆ ಅಳುವವರ ಬಗ್ಗೆ ಓದಿದ್ದೆ. ಗಂಧಕದ ನಾತಕ್ಕೆ ಅತ್ತವಳು ನಾನೊಬ್ಬಳೇ ಇರಬೇಕು.

2022ರ ಮಾರ್ಚ್ 1ರಂದು ಮಾತ್ರ ಅತ್ತೆಯ ಫೋನಿನಲ್ಲಿ ವೋಲ್ವೋ ಸುದ್ದಿ ಬರಲಿಲ್ಲ. ಹೊಳೆಯಾಚೆ, ರಾಣೆಬೆನ್ನೂರಿಗೆ ಹೋಗುವ ದಾರಿಯ ಚಳಗೇರಿಯ ಹುಡುಗ, ವೈದ್ಯಕೀಯ ಓದಲು ಉಕ್ರೇನಿನ ಖಾರ್ಕೀವ್‌ಗೆ ಹೋದವನು, ದಿನಸಿಗೆಂದು ಸಾಲಿನಲ್ಲಿ ನಿಂತಿದ್ದಾಗ ರಷ್ಯದ ದಾಳಿಗೆ ಸಿಕ್ಕಿ ತೀರಿಕೊಂಡಿದ್ದ. "ನೀ ಇರೋದು ಅಲ್ಲಿಗೆ ಎಷ್ಟು ದೂರ?" ಎಂದಷ್ಟೇ ಕೇಳಿ ಅತ್ತೆ ಸುಮ್ಮನಾದರು. ಮೂರು ವಾರದ ಮೇಲೆ ಅವನ ದೇಹ ಊರಿಗೆ ಬಂತು. ಪೂಜೆ ಮುಗಿಸಿ ತಂದೆತಾಯಿ ಅದನ್ನು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ, ಹುಡುಗರು ಕಲಿಯಲಿ ಎಂದು, ದಾನ ಕೊಟ್ಟರು. ಚಳಗೇರಿಯಿಂದ ದಾವಣಗೆರೆ ರೈಲಿನಲ್ಲಿ ಒಂದು ಗಳಿಗೆಯ ದಾರಿ. ಅವನು ಬಿಳಿ ಕೋಟಿಗಾಗಿ ಎಷ್ಟು ಸುತ್ತಿ ಆ ಕಟ್ಟಡಕ್ಕೆ ಬಂದ ಎಂದು ಇವತ್ತಿಗೂ ಆ ರಸ್ತೆಯಲ್ಲಿ ಹೋಗುವಾಗ ನೆನಪಾಗುತ್ತದೆ.

ಊರಿಗೆ ಬಂದಾಗ ಎರಡು ಮಾತು ಕೇಳುತ್ತೇನೆ. ಹೊಸ್ತಿಲಲ್ಲಿ: "ಒಂಚೂರೂ ಬದಲಾಗಿಲ್ಲ ನೋಡು ನಮ್ ಹುಡ್ಗಿ." ಊಟಕ್ಕೆ ಕೂತಾಗ, ಎರಡನೇ ರೊಟ್ಟಿ ಬೇಡ ಅಂದಾಗ: "ಬದಲಾಗಿಬಿಟ್ಟೆ ಕಣೇ." ನಿಜ ಹೇಳಬೇಕೆಂದರೆ ಬದಲಾದದ್ದು ನನಗೆ ಇಷ್ಟವಾಗಿದೆ. ಡಿಸೆಂಬರಿನಲ್ಲಿ ಒಂಬತ್ತರ ಹತ್ತಿರ ಹುಟ್ಟಿ ಮೂರೂವರೆಗೆ ಮುಳುಗುವ ಸೂರ್ಯ, ಯಾರೂ ಏನೂ ಕೇಳದ ಟ್ರಾಮು, 'ನೀನು' ಅಂದರೆ ನಗುವ ಮೇಲಧಿಕಾರಿ, ಎಲ್ಲ ಇಷ್ಟ. ಆದರೆ ಇದನ್ನು ಊರಲ್ಲಿ ಹೇಳಬಾರದು. ಪರದೇಶಕ್ಕೆ ಹೋದವರು ಅಲ್ಲಿ ಕೊರಗುತ್ತಿರಬೇಕು. ಅದು ಊರಿಗೆ ನಾವು ಕಟ್ಟಬೇಕಾದ ಕಂದಾಯ.

ಇದನ್ನು ಒಬ್ಬರ ಬಳಿ ಮಾತ್ರ ಹೇಳಿದ್ದೆ, ಅಜ್ಜಿಯ ಬಳಿ, ಆಕೆ ಹಾಸಿಗೆ ಹಿಡಿದಿದ್ದಾಗ. ಅಜ್ಜಿ ಬೊಚ್ಚುಬಾಯಲ್ಲಿ ನಕ್ಕಳು. "ನನಗೂ ಇಲ್ಲೇ ಛಲೋ ಅನಿಸಿತ್ತು. ನಲ್ಲಿ ನೀರು ಇತ್ತು, ಸಿನಿಮಾ ಇತ್ತು. ತವರಾಗ ನಾಕು ದಿನ ಆದ್ರ ಯಾವಾಗ ಹೊಂಡೇನೋ ಅನಸ್ತಿತ್ತು."

"ಮತ್ತೆ ಸೇತುವೆ ಮೇಲೆ ಅಳ್ತಿದ್ದೆಯಲ್ಲ?"

"ಅಳದಿದ್ರ ಮಂದಿ ಏನಂದಾರು?"

ಕಳೆದ ಸಲ ಹುಬ್ಬಳ್ಳಿಯ ಮದುವೆಗೆಂದು ದಾವಣಗೆರೆಯಲ್ಲಿ ಬಸ್ಸು ಹತ್ತಿದೆ. ಹರಿಹರ ದಾಟುವಾಗ ಸೇತುವೆ ಬಂತು, ಕೆಳಗೆ ಬೇಸಿಗೆಯ ಸಣ್ಣ ಹೊಳೆ, ಬಂಡೆಗಳು. ಸ್ವೀಡನ್ನಿನಲ್ಲಿ ಕಾಸು ಮುಟ್ಟದೆ ವರ್ಷಗಳಾಗಿವೆ, ದಾವಣಗೆರೆಯಲ್ಲೂ ಮಿರ್ಚಿ ಗಾಡಿಗೆ ಫೋನಿನಲ್ಲೇ ದುಡ್ಡು ಕೊಟ್ಟಿದ್ದೆ. ಬ್ಯಾಗಿನ ತಳ ಜಾಲಾಡಿ ಐದು ರೂಪಾಯಿಯ ಒಂದು ನಾಣ್ಯ ಹುಡುಕಿದೆ. ಕಣ್ಣು ತೇವ ಮಾಡಿಕೊಳ್ಳುವುದಕ್ಕೂ ಪ್ರಯತ್ನಿಸುತ್ತಿದ್ದೆ. ಕಿಟಕಿಯ ಅಂಚನ್ನು ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ತಡವುತ್ತಿರುವುದನ್ನು ಪಕ್ಕದ ಸೀಟಿನ ಹಿರಿಯರು ಸ್ವಲ್ಪ ಹೊತ್ತು ನೋಡಿದರು.

"ಅದು ತೆಗಿಯಾಕ ಬರಂಗಿಲ್ರೀ ಮೇಡಂ," ಅಂದರು. "ವೋಲ್ವೋ."