ಗದ್ದದ ಕೂದಲು: ದಿನಚರಿಯ ಕೆಲವು ಪುಟಗಳು

24 ಏಪ್ರಿಲ್ 2024, ಬುಧವಾರ, ಆದೋನಿ

ಬೇಸಿಗೆ ರಜೆ ಶುರುವಾಯಿತು. ಉತ್ತರ ಪ್ರದೇಶದ ಆ ಹುಡುಗಿಯ ಸುದ್ದಿಯನ್ನು ಎಲ್ಲರೂ ಫೋನಿನಲ್ಲಿ ತೋರಿಸುತ್ತಿದ್ದಾರೆ. ಹತ್ತನೇ ತರಗತಿಯಲ್ಲಿ ಇಡೀ ರಾಜ್ಯಕ್ಕೆ ಮೊದಲು ಬಂದಿದ್ದಾಳೆ, ಶೇಕಡಾ 98.5 ಅಂಕ. ಫೋಟೋ ಬಂದದ್ದೇ ತಡ, ಜನ ಅಂಕ ಬಿಟ್ಟು ಮೇಲ್ತುಟಿಯ ಕೂದಲು ನೋಡಿದರು. ಆಡಿಕೊಂಡವರೂ ಇದ್ದಾರೆ, ಪರವಾಗಿ ನಿಂತವರೂ ಇದ್ದಾರೆ. ಇಬ್ಬರ ಬಾಯಲ್ಲೂ ಕೂದಲಿನ ಮಾತೇ. ಆ ಮಗು ಯಾವ ಪಾಠವನ್ನು ಹೇಗೆ ಓದಿದಳೆಂದು ಕೇಳಿದವರು ನನ್ನ ಕಣ್ಣಿಗೆ ಬೀಳಲಿಲ್ಲ.

ನಾನು ಪಾಠ ಹೇಳುವ ಶಾಲೆಯಲ್ಲಿ ಪುಸ್ತಕವನ್ನು ಬಾಯಿಯ ಮಟ್ಟಕ್ಕೆ ಎತ್ತಿ ಹಿಡಿದು ಓದುವ ಹುಡುಗಿಯರಿದ್ದಾರೆ. ಯಾಕೆ ಹಾಗೆ ಹಿಡಿಯುತ್ತಾರೆಂದು ನನಗೆ ಗೊತ್ತು. ಕಾಲೇಜಿಗೆ ಹೋಗುವಾಗಿನಿಂದ ನಾನೂ ಗದ್ದಕ್ಕೆ ಕೈ ಕೊಟ್ಟುಕೊಂಡೇ ಮಾತಾಡಿದವಳು. ಬೆಳಿಗ್ಗೆ ದೀಪ ಹಚ್ಚುವುದಕ್ಕೂ ಮುಂಚೆ ಕನ್ನಡಿಯ ಮುಂದೆ ಚಿಮಟ ಹಿಡಿದು ನಿಲ್ಲುವುದು, ವಾರಕ್ಕೊಮ್ಮೆ ಥ್ರೆಡಿಂಗ್, ಅದರ ಮೇಲೆ ಏಳುವ ಗುಳ್ಳೆ, ಗುಳ್ಳೆ ಮಾಗಿ ಉಳಿಯುವ ಕಪ್ಪು ಕಲೆ. ಸಾಕಾಗಿದೆ.

ಎಲೆಕ್ಷನ್ ಡ್ಯೂಟಿ ಮುಗಿದ ಮೇಲೆ ಬಳ್ಳಾರಿಗೆ ಹೋಗಿ ಚರ್ಮದ ಡಾಕ್ಟರನ್ನು ಕಾಣಬೇಕೆಂದು ಇವರಿಗೆ ಹೇಳಿದೆ. "ನಿಂಗ ಬೇಕನಿಸಿದ್ರ ಹೋಗಣು. ನನ್ನ ಸಲುವಾಗಿ ಅಂತ ಬ್ಯಾಡ" ಅಂದರು. ಆ ಮಾತು ಹಿತವಾಯಿತು.

18 ಮೇ, ಶನಿವಾರ

13ಕ್ಕೆ ಮತದಾನ ಮುಗಿಯಿತು. ಇವತ್ತು ಆಲೂರು, ಹಾಲಹರವಿ ದಾರಿಯ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿ ಬಂದೆವು. ಬಿಸಿಲು ಬೆಂಕಿಯಂತಿತ್ತು.

ಡಾಕ್ಟರಮ್ಮ ಮೊದಲು ಮುಖ ನೋಡಲಿಲ್ಲ, ಮುಟ್ಟಿನ ಬಗ್ಗೆ ಕೇಳಿದರು. ತಿಂಗಳಿಗೆ ಸರಿಯಾಗಿ ಆಗುತ್ತದೆಯೇ, ತೂಕ ಏರಿದೆಯೇ, ಅವ್ವನಿಗೆ ಅಕ್ಕ-ತಂಗಿಯರಿಗೆ ಹೀಗೆ ಇದೆಯೇ, ಕೂದಲು ನಿಧಾನಕ್ಕೆ ಬಂತೋ ಕೆಲವೇ ತಿಂಗಳಲ್ಲಿ ಒಮ್ಮೆಲೇ ಬಂತೋ, ದನಿ ಗಡಸಾಯಿತೇ, ನೆತ್ತಿಯ ಕೂದಲು ಉದುರಿತೇ. ಒಮ್ಮೆಲೇ ಬಂದು ದನಿಯೂ ಒಡೆದರೆ ಅಂಡಾಶಯದಲ್ಲೋ ಅಡ್ರಿನಲ್ ಗ್ರಂಥಿಯಲ್ಲೋ ಗಡ್ಡೆ ಇರಬಹುದು, ಅಂಥವರನ್ನು ತಡಮಾಡದೆ ತಪಾಸಣೆಗೆ ಕಳಿಸಬೇಕಂತೆ. ನನ್ನದು ಹಾಗಲ್ಲ. ಆದರೂ ರಕ್ತ ಪರೀಕ್ಷೆ ಬರೆದರು: ಟೆಸ್ಟೋಸ್ಟಿರಾನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ. ಜೊತೆಗೆ ಹೊಟ್ಟೆಯ ಸ್ಕ್ಯಾನಿಂಗ್.

ನಮ್ಮ ಕಡೆಯ ಪಾರ್ಲರೊಂದರಲ್ಲಿ "ಆರು ಸಿಟ್ಟಿಂಗ್ ಲೇಸರ್ ಪ್ಯಾಕೇಜ್, ಆಮೇಲೆ ಜೀವನಪೂರ್ತಿ ಒಂದು ಕೂದಲೂ ಬರಲ್ಲ" ಅಂದಿದ್ದನ್ನು ಹೇಳಿದೆ. ಡಾಕ್ಟರಮ್ಮ ತಲೆಯಾಡಿಸಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ 1990ರ ದಶಕದಲ್ಲಿ ಈ ಯಂತ್ರಗಳಿಗೆ ಒಪ್ಪಿಗೆ ಕೊಟ್ಟಾಗ ಬಹುಕಾಲ ನಿಲ್ಲುವಂತೆ ಕೂದಲು ಕಡಿಮೆಯಾಗುತ್ತದೆ ಎಂದು ಹೇಳಿಕೊಳ್ಳಲಷ್ಟೇ ಬಿಟ್ಟಿತು, ಪೂರ್ತಿ ಹೋಗುತ್ತದೆ ಎನ್ನಲು ಬಿಡಲಿಲ್ಲ. ಯಾರಾದರೂ ಪೂರ್ತಿ ಹೋಗುತ್ತದೆ ಅಂದರೆ ಅಲ್ಲಿಂದ ಎದ್ದು ಬನ್ನಿ ಅಂದರು.

ಕೆಲಸ ಹೇಗೆ ನಡೆಯುತ್ತದೆಂದು ಕಾಗದದ ಮೇಲೆ ಬರೆದು ತೋರಿಸಿದರು. ಕೂದಲಿನ ಕಪ್ಪು, ಅಂದರೆ ಮೆಲನಿನ್, ಲೇಸರಿನ ಬೆಳಕನ್ನು ಹೀರಿ ಕಾಯುತ್ತದೆ. ಆ ಕಾವು ಬುಡಕ್ಕೆ ಇಳಿದು ಬೇರನ್ನು ಸುಡುತ್ತದೆ. ಬೇಕಾದ ಬಣ್ಣವನ್ನಷ್ಟೇ ಆರಿಸಿ ಸುಡಬಹುದೆಂಬ ತತ್ವವನ್ನು ಆಂಡರ್ಸನ್, ಪ್ಯಾರಿಶ್ ಎಂಬ ಇಬ್ಬರು 1983ರಲ್ಲಿ ಪ್ರಕಟಿಸಿದರು. ತೊಡಕು ಏನೆಂದರೆ ನಮ್ಮ ಚರ್ಮದಲ್ಲೂ ಅದೇ ಮೆಲನಿನ್ ಇದೆ. ಬಿಳಿ ಚರ್ಮದವರಿಗೆ ಒಗ್ಗುವ 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಬೆಳಕು ನಮ್ಮ ಚರ್ಮವನ್ನೇ ಸುಡಬಹುದು. 1064ರ ಎನ್‌ಡಿ-ಯಾಗ್ ಚರ್ಮದ ಮೇಲ್ಪದರದಲ್ಲಿ ಹೆಚ್ಚು ನಿಲ್ಲದೆ ಆಳಕ್ಕೆ ಇಳಿಯುತ್ತದೆ. 800-810ರ ಡಯೋಡನ್ನೂ ಚೆನ್ನಾಗಿ ತಂಪು ಮಾಡುತ್ತ ನಮ್ಮ ಬಣ್ಣಕ್ಕೆ ಬಳಸುತ್ತಾರೆ. ಇನ್ನು ಮುಂದೆ ಯಾರು ಕೇಳಿದರೂ ಮೊದಲು ಯಂತ್ರ ಯಾವುದು, ಹಿಡಿಯುವವರು ಯಾರು ಅಂತ ಕೇಳು ಎನ್ನುತ್ತೇನೆ, ದುಡ್ಡಿನ ಮಾತು ಆಮೇಲೆ.

1 ಜೂನ್, ಶನಿವಾರ

ರಿಪೋರ್ಟ್ ಬಂತು. ಪಿಸಿಓಎಸ್, ಅಂದರೆ ಅಂಡಾಶಯದ ಹಾರ್ಮೋನ್ ತೊಂದರೆ. ಮುಖದ ಮೇಲೆ ಹೀಗೆ ಕೂದಲು ಬರುವ ಹೆಂಗಸರಲ್ಲಿ ಹೆಚ್ಚಿನವರಿಗೆ ಇದೇ ಕಾರಣವಂತೆ. ಹೆಸರು ಸಿಕ್ಕಿದ್ದಕ್ಕೆ ಮನಸ್ಸು ಹಗುರಾಯಿತು. ಇಷ್ಟು ವರ್ಷ "ಉಷ್ಣ", "ದೃಷ್ಟಿ", "ಮೈಗೆ ಅರಿಸಿನ ಸಾಲದು" ಅಂತ ಕೇಳಿಸಿಕೊಂಡವಳು ನಾನು.

ಎರಡು ಮಾತ್ರೆ ಕೊಟ್ಟಿದ್ದಾರೆ. ಒಂದು ಗರ್ಭನಿರೋಧಕ ಮಾತ್ರೆ, ಇನ್ನೊಂದು ಸ್ಪೈರನೋಲ್ಯಾಕ್ಟೋನ್. ಎರಡನೆಯದನ್ನು ನುಂಗುವಾಗ ಬಸಿರಾಗಲೇಬಾರದು, ಮಗುವಿಗೆ ತೊಂದರೆ. ಪರಿಣಾಮ ಕಾಣಲು ಆರು ತಿಂಗಳಾದರೂ ಬೇಕು. ಇರುವ ಕೂದಲಿಗೆ ಲೇಸರ್, ಹೊಸದು ಹುಟ್ಟದಿರಲು ಮಾತ್ರೆ. ನಾನು ಒಕ್ಕಲು ಮನೆಯವಳು, ಹೀಗೆ ಅರ್ಥಮಾಡಿಕೊಂಡೆ: ಕಳೆ ಕಿತ್ತರೂ ನೀರು ಹರಿಯುತ್ತಲೇ ಇದ್ದರೆ ಹೊಲದಲ್ಲಿ ಮತ್ತೆ ಕಳೆ ಏಳುತ್ತದೆ.

ಕಷ್ಟದ ಮಾತು ಬೇರೆಯೇ ಇದೆ. ಲೇಸರಿಗೆ ಕೆಲವು ವಾರ ಮೊದಲಿನಿಂದ ಚಿಮಟ, ಥ್ರೆಡಿಂಗ್, ವ್ಯಾಕ್ಸ್ ಯಾವುದೂ ಕೂಡದು. ಬುಡವೇ ಕಿತ್ತುಬಂದರೆ ಬೆಳಕಿಗೆ ಹಿಡಿಯಲು ಒಳಗೆ ಏನೂ ಉಳಿದಿರುವುದಿಲ್ಲ. ಬೇಕಿದ್ದರೆ ಬ್ಲೇಡಿನಿಂದ ಬೋಳಿಸಿಕೊಳ್ಳಬಹುದು. ಅವ್ವನಿಗೆ ಇದನ್ನು ಹೇಳಿದೆ, ಬೆಚ್ಚಿಬಿದ್ದಳು. "ಬ್ಲೇಡು ಮುಟ್ಟಿಸಬ್ಯಾಡ ತಾಯಿ, ಗಂಡಸರಂಗ ದಪ್ಪ ಬರ್ತದ." ಬೋಳಿಸಿದರೆ ಕೂದಲು ದಪ್ಪವಾಗುವುದಿಲ್ಲವೆಂದು 1928ರಲ್ಲೇ ಅಳೆದು ತೋರಿಸಿದ್ದಾರೆ, ತುದಿ ಮೊಂಡಾಗಿ ಕೈಗೆ ಒರಟು ಅನಿಸುತ್ತದೆ, ಅಷ್ಟೇ. ಅವ್ವ ನಂಬಲಿಲ್ಲ. ನಾನು ಬಾಗಿಲು ಹಾಕಿಕೊಂಡು ಬೋಳಿಸಿಕೊಂಡೆ. ಕೈ ನಡುಗುತ್ತಿತ್ತು.

22 ಜೂನ್, ಶನಿವಾರ

ಮೊದಲ ಸಿಟ್ಟಿಂಗ್. ಕಿವಿಯ ಹಿಂದೆ ಒಂದು ಚುಕ್ಕೆಯಷ್ಟು ಜಾಗದಲ್ಲಿ ಮೊದಲೇ ಪರೀಕ್ಷೆ ಮಾಡಿ, ಕಲೆ ಬಿದ್ದಿಲ್ಲವೆಂದು ನೋಡಿಕೊಂಡಿದ್ದರು. ಮುಖ ತೊಳೆಸಿದರು, ಪೌಡರಿನ, ಅರಿಸಿನದ ಲವಲೇಶವೂ ಇರಬಾರದು. ಕಣ್ಣಿಗೆ ಬೆಳಕು ನುಗ್ಗದ ಕನ್ನಡಕ ಕಟ್ಟಿದರು. ಹುಬ್ಬಿನ ಹತ್ತಿರ ಲೇಸರ್ ಹೋಗುವಂತಿಲ್ಲ, ಕಣ್ಣಿಗೆ ಅಪಾಯ. ಗದ್ದದ ಮಚ್ಚೆಯ ಮೇಲೆ ಬಿಳಿ ಪಟ್ಟಿ ಅಂಟಿಸಿದರು. ಆಮೇಲೆ ತಣ್ಣನೆಯ ಜೆಲ್.

ಚುರುಕ್ ಅನ್ನುತ್ತದೆ. ಗದ್ದದಲ್ಲಿ ತಡೆದುಕೊಳ್ಳಬಹುದು. ಮೇಲ್ತುಟಿಯ ನಡುಭಾಗದಲ್ಲಿ ಕಣ್ಣಲ್ಲಿ ನೀರು ಬಂತು. ಸುಟ್ಟ ಕೂದಲಿನ ವಾಸನೆ ಕೋಣೆ ತುಂಬಿತು, ಆದರೆ ಹತ್ತು ನಿಮಿಷದೊಳಗೆ ಮುಗಿದುಹೋಯಿತು. ಒಂದೊಂದು ರಂಧ್ರದ ಸುತ್ತಲೂ ಕೆಂಪಗೆ ಸಣ್ಣ ಬಾವು. ಬೆಳಕು ಬೇರಿಗೆ ತಾಗಿದ್ದಕ್ಕೆ ಅದೇ ಗುರುತು, ಒಂದೆರಡು ದಿನದಲ್ಲಿ ಇಳಿಯುತ್ತದೆ ಅಂದರು. ಗುಳ್ಳೆ ಎದ್ದು ನೀರು ತುಂಬಿದರೆ ಮಾತ್ರ ಕೂಡಲೇ ಫೋನ್ ಮಾಡಬೇಕು. ಮನೆಗೆ ಬಂದು ಬಟ್ಟೆಯಲ್ಲಿ ಐಸ್ ಸುತ್ತಿ ಒತ್ತಿಕೊಂಡೆ.

5 ಜುಲೈ, ಶುಕ್ರವಾರ

ಮೊದಲ ವಾರ ಕೂದಲು ಬೆಳೆಯುತ್ತಿದೆ ಅನಿಸಿ ಹೆದರಿದ್ದೆ. ಅದು ಬೆಳೆಯುವುದಲ್ಲ, ಸತ್ತದ್ದು ಮೇಲಕ್ಕೆ ಬರುವುದು. ಈಗ ಮುಖ ತೊಳೆದರೆ ಟವೆಲಿನಲ್ಲಿ ಉದುರುತ್ತಿದೆ.

12 ಆಗಸ್ಟ್, ಸೋಮವಾರ

ಶ್ರಾವಣ. ಉರುಕುಂದಿ ಈರಣ್ಣನ ದರ್ಶನಕ್ಕೆ ಹೊರಟವರಿಂದ ಬಸ್ಸುಗಳು ತುಂಬಿವೆ. ಬಿಸಿಲಿಗೆ ಮುಖ ಕಪ್ಪಾದರೆ ಲೇಸರ್ ಮುಂದಕ್ಕೆ ಹಾಕುತ್ತಾರೆ, ಹಾಗಾಗಿ ನಾನು ಸೆರಗು ಹೊದ್ದು, ಎಸ್‌ಪಿಎಫ್ 30ರ ಕ್ರೀಮು ಹಚ್ಚಿ ಹೊರಟೆ.

ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಹತ್ತನೆಯದು ಮುಗಿಸಿದ ಮೇಲೆ ಮನೆಯವರ ಜೊತೆ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋದವಳು. ಕೋಸಿಗಿ, ಕೌತಾಳಂ, ಪೆದ್ದಕಡಬೂರು ಕಡೆಯ ಎಷ್ಟೋ ಮನೆಗಳು ಹೀಗೆ ಬೀಗ ಹಾಕಿ ಸುಗ್ಗಿಗೆ ಹೋಗುತ್ತವೆ. ಬುದ್ಧಿವಂತೆ, ಗಣಿತದಲ್ಲಿ ಚುರುಕು. ದುಪಟ್ಟಾ ಸರಿಸಿದಾಗ ನೋಡಿದೆ: ಕೆನ್ನೆ ತೆಳ್ಳಗಾಗಿ ಕೆಂಪಗೆ ಹೊಳೆಯುತ್ತಿತ್ತು, ನರಗಳು ಕಾಣುತ್ತಿದ್ದವು, ಮೊಡವೆ. ಕಿವಿಯ ಮುಂದೆ, ಗದ್ದದ ಮೇಲೆ ಕೂದಲು.

"ಏನು ಹಚ್ತೀಯಮ್ಮಾ?"

"ಬೆಳ್ಳಗಾಗಾಕ ಅಂತ ಮೆಡಿಕಲ್‌ನ್ಯಾಗ ಒಂದು ಟ್ಯೂಬ್ ಕೊಟ್ರು ಟೀಚರ್. ಬಿಟ್ರ ಉರೀತದ, ಅದಕ್ಕ ಬಿಟ್ಟಿಲ್ಲ."

ಚೀಲದಿಂದ ತೆಗೆದು ತೋರಿಸಿದಳು. ಅದರ ಮೇಲೆ ಬೆಟಾಮೆಥಾಸೋನ್ ಎಂದು ಸಣ್ಣ ಅಕ್ಷರದಲ್ಲಿದೆ. ಅದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ಕೂದಲೂ ಬೆಳೆಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಆದರೂ ಬಿಸಿಲಲ್ಲಿ ದುಡಿಯುವ ಹುಡುಗಿಯ ಕೈಗೆ ಯಾವ ಚೀಟಿಯೂ ಇಲ್ಲದೆ ಬಂದು ಸೇರಿದೆ. ಬೆಳ್ಳಗಾಗು ಅಂತ ಅವಳಿಗೆ ಹೇಳಿದವರು ಯಾರು? ನನಗೆ ಸಿಟ್ಟು ಬಂತು, ಇನ್ನೂ ಇಳಿದಿಲ್ಲ.

ಒಮ್ಮೆಲೇ ನಿಲ್ಲಿಸಿದರೆ ಮುಖ ಇನ್ನಷ್ಟು ಉರಿದು ಕೆಂಪಾಗುತ್ತದೆ, ಅದಕ್ಕೇ ಹುಡುಗಿಯರು ಮತ್ತೆ ಅದನ್ನೇ ಹಚ್ಚುತ್ತಾರೆ. ಡಾಕ್ಟರ ಕೈಕೆಳಗೆ ಬಿಡಬೇಕು. ಇಂಥ ಚರ್ಮಕ್ಕೆ ಈಗ ಲೇಸರ್ ಮಾತೇ ಇಲ್ಲ. ಕರ್ನೂಲಿನ ಸರ್ಕಾರಿ ದೊಡ್ಡಾಸ್ಪತ್ರೆಗೆ ಹೋಗು, ಚರ್ಮದ ವಿಭಾಗದಲ್ಲಿ ಈ ಟ್ಯೂಬನ್ನೇ ತೋರಿಸು ಅಂತ ಹೇಳಿ ಅವಳ ಅವ್ವನ ನಂಬರು ತಗೊಂಡೆ.

1 ಅಕ್ಟೋಬರ್, ಮಂಗಳವಾರ

1953ರಲ್ಲಿ ಇದೇ ದಿನ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಹೋಯಿತು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು ಎಂಬ ಬದುಕು ನಮಗೆ ಕಷ್ಟವೇನಲ್ಲ. ಆದರೆ ಮುಟ್ಟು ತಪ್ಪಿದ್ದು, ಎದೆಯ ಮೇಲೂ ಕೂದಲಿರುವುದು, ಗಂಡನ ಮುಂದೆ ದೀಪ ಆರಿಸಿದ್ದು, ಇವನ್ನೆಲ್ಲ ಡಾಕ್ಟರ ಮುಂದೆ ಹೇಳುವಾಗ ನನಗೆ ಅವ್ವನ ಮಾತೇ ಬೇಕು. ಬಳ್ಳಾರಿಗೆ ಹೋಗುವುದು ಅದಕ್ಕೇ.

ಕಳೆದ ಸಲ ಕೆನ್ನೆಯ ನುಣುಪು ಕೂದಲನ್ನೂ ತೆಗೆಯಿರಿ ಅಂದೆ. ಡಾಕ್ಟರಮ್ಮ ಒಪ್ಪಲಿಲ್ಲ. ಅಂಥ ಎಳೆಕೂದಲಿನ ಮೇಲೆ ಲೇಸರ್ ಬಿಟ್ಟರೆ ಕೆಲವರಿಗೆ ಅದೇ ಕಪ್ಪಾಗಿ, ದಪ್ಪವಾಗಿ ಹೆಚ್ಚುತ್ತದೆ. ಕೆನ್ನೆ, ದವಡೆಯಂಚು, ಕುತ್ತಿಗೆಯಲ್ಲಿ, ಅದರಲ್ಲೂ ನಮ್ಮ ಬಣ್ಣದ, ಹಾರ್ಮೋನ್ ತೊಂದರೆಯ ಹೆಂಗಸರಲ್ಲಿ ಇದು ಕಂಡುಬಂದಿದೆ. ಬರುವ ದುಡ್ಡು ಬಿಟ್ಟು ಬೇಡ ಅನ್ನುವ ಡಾಕ್ಟರ ಮೇಲೆ ನನಗೆ ನಂಬಿಕೆ ಗಟ್ಟಿಯಾಯಿತು.

8 ಡಿಸೆಂಬರ್, ಭಾನುವಾರ

ಗದ್ದದಲ್ಲಿ ಈಗ ಬರುವುದು ತೆಳು, ವಿರಳ. ಕೂದಲೆಲ್ಲ ಒಂದೇ ಸಲ ಬೆಳೆಯುವುದಿಲ್ಲ, ಬೆಳೆಯುತ್ತಿರುವ ಹಂತದ್ದಷ್ಟೇ ಸುಡುತ್ತದೆ. ಅದಕ್ಕೇ ಮುಖಕ್ಕೆ ನಾಲ್ಕರಿಂದ ಆರು ವಾರಕ್ಕೊಮ್ಮೆ, ಆರೆಂಟು ಸಲ, ನಮ್ಮಂಥವರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ಆಮೇಲೂ ಕೆಲವು ತಿಂಗಳಿಗೊಮ್ಮೆ ಹೋಗುತ್ತಿರಬೇಕು. ನಾಲ್ಕಾರು ಬಿಳಿ ಕೂದಲು ಹಾಗೇ ಇವೆ. ಅವುಗಳಲ್ಲಿ ಕಪ್ಪಿಲ್ಲ, ಲೇಸರಿಗೆ ಕಾಣುವುದಿಲ್ಲ. ಒಂದೊಂದಾಗಿ ಸೂಜಿಯಿಂದ ವಿದ್ಯುತ್ ಹಾಯಿಸುವ ಎಲೆಕ್ಟ್ರಾಲಿಸಿಸ್ ಒಂದೇ ಅದಕ್ಕೆ ದಾರಿ. ನಾನು ಅವನ್ನು ಬಿಟ್ಟಿದ್ದೇನೆ.

ಬ್ರಿಟನ್ನಿನಲ್ಲಿ ಪಿಸಿಓಎಸ್ ಇರುವ ಹೆಂಗಸರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದ ಬಗ್ಗೆ ಡಾಕ್ಟರಮ್ಮ ಹೇಳಿದರು. ಸರಿಯಾದ ಶಕ್ತಿಯ ಲೇಸರ್ ಪಡೆದವರು ಕೂದಲಿಗಾಗಿ ವಾರಕ್ಕೆ ಕಳೆಯುತ್ತಿದ್ದ ಸಮಯ 112 ನಿಮಿಷದಿಂದ 21ಕ್ಕೆ ಇಳಿಯಿತು, ಖಿನ್ನತೆಯೂ ತಗ್ಗಿತು. ನನಗೆ ಆಶ್ಚರ್ಯವಾಗಲಿಲ್ಲ. ಬೆಳಗಿನ ಆ ಹೊತ್ತು ನನಗೆ ಮರಳಿ ಸಿಕ್ಕಿದೆ, ಮಗಳ ಜಡೆ ನಿಧಾನವಾಗಿ ಹಾಕುತ್ತೇನೆ.

ನಿನ್ನೆ ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಮೆಗಾ ಪೇರೆಂಟ್-ಟೀಚರ್ ಮೀಟಿಂಗ್. ತಾಯಂದಿರು ಹತ್ತಿ ಬಿಡಿಸುವುದನ್ನು ಬಿಟ್ಟು ಬಂದಿದ್ದರು. ಊಟವಾದ ಮೇಲೆ ಹೆಣ್ಣುಮಕ್ಕಳ ತಾಯಂದಿರನ್ನು ಒಂದು ಕೋಣೆಯಲ್ಲಿ ಕೂರಿಸಿಕೊಂಡು ಮಾತಾಡಿದೆ. ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ, ಮುಂದಿನ ವರ್ಷವೂ ಹೇಳಬೇಕು: ಮಗಳ ಮುಖದ ಮೇಲೆ ದಪ್ಪ ಕೂದಲು ಬಂದರೆ ಬೈಯಬೇಡಿ, ಮುಟ್ಟು ಸರಿಯಾಗಿ ಆಗುತ್ತಿದೆಯೇ ಕೇಳಿ. ಅಂಗಡಿಯ ಟ್ಯೂಬ್ ಹಚ್ಚಿಸಬೇಡಿ. ಮೊದಲು ಡಾಕ್ಟರಿಗೆ ತೋರಿಸಿ, ಲೇಸರ್ ಆಮೇಲಿನ ಮಾತು, ಅದೂ ಅವಳು ದೊಡ್ಡವಳಾಗಿ ತಾನೇ ಬೇಕೆಂದರೆ ಮಾತ್ರ. ಬೇಡವೆಂದರೆ ಅವಳ ಮುಖವನ್ನು ಅವಳಿಗೆ ಬಿಡಿ.